ಮೂರು ಕೀಲಿಗಳ ಸಂವಿಧಾನ

ಬೆಳಗಾವಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸಿ ಕಲಿಸಿ ನನಗೆ ಒಂದು ಮಾತು ಖಾತ್ರಿಯಾಗಿದೆ: ತರಗತಿಯಲ್ಲಿ ನಾನು ಏನು ಹೇಳುತ್ತೇನೋ, ಹೊರಗೆ ಅದರ ಉಲ್ಟಾ ಆಗಿಯೇ ಆಗುತ್ತದೆ. ಕೇಳಿದವರು ನಗುತ್ತಾರೆ. ನನಗಂತೂ ಅಳು ಬರುತ್ತದೆ.

೧. ಪರೀಕ್ಷೆಗೆ ಸಾಕಾಗುವಷ್ಟು

ತುರ್ತುಪರಿಸ್ಥಿತಿಯ ಕಾಲ. ಕ್ರಾಂತಿಗಳಿಂದ ಸಂವಿಧಾನಗಳು ಹೇಗೆ ಹುಟ್ಟಿದವು ಎಂಬ ಪಾಠ ಶುರುಮಾಡಿದ್ದೆ. ಪ್ರಿನ್ಸಿಪಾಲರು ಗಾಬರಿಯಿಂದ ಕರೆಸಿದರು.

"ಕ್ರಾಂತಿ ಬಿಡ್ರಿ. ಬರೇ ಸಂವಿಧಾನ ಹೇಳ್ರಿ."

"ಸರ್, ಫ್ರಾನ್ಸಿನವ್ರು ರಾಜನ ಮ್ಯಾಲ ತಿರುಗಿ ಬಿದ್ದ ಮ್ಯಾಲೇ ಬರದಾರ್ರಿ ಅದನ್ನ."

"ಹಂಗಾದ್ರ ರಾಜನ ತನಕಾ ಹೇಳಿ ನಿಲ್ಲಸ್ರಿ. ಪರೀಕ್ಷಾಕ್ಕ ಅಷ್ಟು ಸಾಕು."

ಆ ವರ್ಷದ ಉತ್ತರಪತ್ರಿಕೆಗಳಲ್ಲಿ ಫ್ರಾನ್ಸಿನ ರಾಜ ಇನ್ನೂ ಸುಖವಾಗಿ ಆಳುತ್ತಿದ್ದ.

೨. ಹಾಸ್ಟೆಲಿನ ಕ್ರಾಂತಿ

ತುರ್ತುಪರಿಸ್ಥಿತಿ ಮುಗಿದ ಹುರುಪಿನಲ್ಲಿ ನಮ್ಮ ಹಾಸ್ಟೆಲ್ ಹುಡುಗರು ಮೆಸ್ ಸೆಕ್ರೆಟರಿಯನ್ನು ಕೆಳಗಿಳಿಸಿದರು. ಉಗ್ರಾಣದ ಕೀಲಿಕೈ ಸದಾ ಅವನ ಉಡದಾರದಲ್ಲಿ. ತುಪ್ಪ ಅವನ ಗೆಳೆಯರ ತಾಟಿನಲ್ಲಿ. ಮೆಸ್ಸಿಗೊಂದು ಸಂವಿಧಾನ ಬರೆದುಕೊಡಿ ಎಂದು ಹುಡುಗರು ನನ್ನ ಹತ್ತಿರ ಬಂದರು. ಕಣ್ಣಲ್ಲಿ ನೀರು ಬಂತು. ಒಂದು ಸಲವಾದರೂ ನನ್ನ ಪಾಠ ಯಾರದಾದರೂ ಹೊಟ್ಟೆ ತುಂಬಿಸಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ದಂಗೆಯೆದ್ದವರು ಹಿಂದಿನವನ ಭಯದಲ್ಲೇ ಮುಂದಿನ ಕಾನೂನು ಬರೆಯುತ್ತಾರೆ ಎಂದು ಕಲಿಸಿದವನು ನಾನೇ. ಬರೆದದ್ದೂ ಹಾಗೆಯೇ. ಉಗ್ರಾಣದ ಬಾಗಿಲಿಗೆ ಮೂರು ಕೀಲಿ, ಅಂದರೆ ಮೂರು ಬೀಗ. ಕೀಲಿಕೈ ಕನ್ನಡದವನಿಗೊಂದು, ಮರಾಠಿಯವನಿಗೊಂದು, ಉರ್ದುವಿನವನಿಗೊಂದು. ಮೂವರೂ ಕೂಡಿದರೆ ಮಾತ್ರ ಬಾಗಿಲು ತೆರೆಯಬೇಕು.

ಮೊದಲ ರವಿವಾರವೇ ಮರಾಠಿಯವನು ಕೀಲಿಕೈ ಸಮೇತ ರೈಲು ಹತ್ತಿ ಖಾನಾಪುರದ ಮನೆಗೆ ಹೋದ. ಮುಂದಿನ ವಾರ ಕನ್ನಡದವನು ಸಾಂಬ್ರಾದ ಅಕ್ಕನ ಮನೆಯಲ್ಲಿ ಉಂಡು ಮಲಗಿದ. ಹಾಸ್ಟೆಲೆಲ್ಲ ಉಪವಾಸ. ಕೀಲಿ ಒಡೆಯಲು ಹೋದವನನ್ನು ಉಳಿದವರು "ಸಂವಿಧಾನ, ಸಂವಿಧಾನ!" ಎಂದು ಹಿಡಿದು ನಿಲ್ಲಿಸಿದರು.

ಹುಡುಗರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಅಡಿಗೆಯಾಕೆ ನನ್ನನ್ನು ಕೇಳಿದಳು: "ಸರ್, ಮೊದಲ ನಾಕ ಮಂದಿ ತಿಂತಿದ್ರು. ಈಗ ಒಬ್ರೂ ತಿನ್ನೂದಿಲ್ಲ. ಇದಕ್ಕ ಸಮಾನತಾ ಅಂತಾರೇನ್ರಿ?"

೩. ಒಂದು ಅಕ್ಷರಾನೂ ಮುಟ್ಟಿಲ್ಲ

ಎರಡು ವರ್ಷ ಹೀಗೇ ಒಂದು ದಿನ ಉಂಡು, ಒಂದು ದಿನ ಬಿಟ್ಟು ಸಾಗಿತು. ಕೊನೆಗೆ ಹುಡುಗರು ಮತ ಹಾಕಿ ಅದೇ ಹಳೆಯ ಸೆಕ್ರೆಟರಿಯನ್ನೇ ಆರಿಸಿದರು. ಪುಣ್ಯಕ್ಕೆ ಅವನಿನ್ನೂ ಬಿ.ಎ. ಪಾಸಾಗಿರಲಿಲ್ಲ. ನನಗೆ ಎದೆ ಒಡೆದಂತಾಯಿತು. ನೇರ ಮೆಸ್ಸಿಗೆ ಹೋದೆ.

"ಏನಪಾ, ನಾ ಬರದ ಸಂವಿಧಾನ ಹರದು ಒಗದೇನು?"

ಅವನು ಕೆನ್ನೆ ಕೆನ್ನೆ ಬಡಿದುಕೊಂಡ. ಗೋಡೆ ತೋರಿಸಿದ. ಅಲ್ಲಿ ನನ್ನ ಸಂವಿಧಾನ ಕಟ್ಟು ಹಾಕಿಸಿಕೊಂಡು, ಮಾಲೆ ಹಾಕಿಸಿಕೊಂಡು ಕೂತಿತ್ತು.

"ಛೇ, ಏನ್ ಮಾತಾಡ್ತೀರಿ ಸರ್! ಒಂದು ಅಕ್ಷರಾನೂ ಮುಟ್ಟಿಲ್ರಿ. ಮೂರು ಕೀಲಿ ಹಂಗೇ ಅದಾವ. ಕೀಲಿಕೈ ಅಷ್ಟ ಮೂರೂ ಮಂದಿ ತಾವಾಗೇ ತಂದು ನನ್ನ ಕಡೆ ಕೊಟ್ಟಾರ್ರಿ. ಬರ್ರಿ, ಊಟಕ್ಕ ಕುಂದರ್ರಿ."

ಕುಳಿತೆ. ಹೊಟ್ಟೆ ತುಂಬ ಉಂಡೆ. ಪಕ್ಕದಲ್ಲಿ ಕುಳಿತ ಹುಡುಗ ಬೆರಳು ನೆಕ್ಕುತ್ತಾ ಹೇಳಿದ: "ಸರ್, ನಿಮ್ಮ ಸಂವಿಧಾನ ಈಗ ನೋಡ್ರಿ ಖರೇ ಜಾರಿಗೆ ಬಂತು."