ಉಪ್ಪಿನಕಾಯಿಗೆ ಕೀವರ್ಡು

ಜಗತ್ತಿನಲ್ಲಿ ಉಪ್ಪಿನಕಾಯಿಗೆ ಉಲ್ಲೇಖ ಸಂಖ್ಯೆ ಕೊಟ್ಟ ಮೊದಲ ಮನುಷ್ಯ ನನ್ನ ಸೋದರಮಾವ. ಇದನ್ನು ಯಾರಾದರೂ ಅಲ್ಲಗಳೆದರೆ ಮುಳಬಾಗಿಲಿಗೆ ಬನ್ನಿ, ಸಾಕ್ಷಿ ತೋರಿಸುತ್ತೇನೆ!

ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮಾವ, ಎಲ್ಲರೂ ಬ್ಲಾಗು ಶುರುಮಾಡುತ್ತಿದ್ದ ಆ ಕಾಲದಲ್ಲಿ ತಾವೂ ಒಂದು ಶುರುಮಾಡಿದರು. ಮೊದಲ ಬರಹ ಹೀಗಿತ್ತು: ‘ವಿಷಯ: ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಬಗ್ಗೆ. ಉಲ್ಲೇಖ: ನಮ್ಮ ತಾಯಿಯವರ ಮೌಖಿಕ ಸೂಚನೆ, ಸಂಖ್ಯೆ ಒಂದು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕಾಯಿಗಳನ್ನು ತೊಳೆದು ಒರೆಸತಕ್ಕದ್ದು.’

ಪುಟದ ಕೆಳಗೆ ಬಂದುಹೋದವರ ಸಂಖ್ಯೆ ತೋರಿಸುವ ಯಂತ್ರ ಏಳಕ್ಕೆ ನಿಂತಿತ್ತು. ಅದರಲ್ಲಿ ಐದು ಸಲ ಮಾವ, ಒಂದು ಸಲ ನಾನು. ಏಳನೆಯದು ಯಾರು? ಅದೂ ಮಾವನೇ ಇರಬೇಕು.

ಅತ್ತೆ ಗಡುವು ಕೊಟ್ಟರು. “ರೀ, ಮಾವಿನಕಾಯಿ ಕಾಲ ಮುಗಿಯೋದ್ರೊಳಗೆ ಹೊರಗಿನೋರು ಒಬ್ಬರಾದ್ರೂ ಬಂದು ಓದಬೇಕು. ಇಲ್ಲಾಂದ್ರೆ ಆ ಕಂಪ್ಯೂಟರ್ ಡಬ್ಬ ತೆಗೆದು ಅಲ್ಲಿ ನನ್ನ ಹೊಲಿಗೆ ಮಿಷನ್ ಇಡ್ತೀನಿ!”

ಮಾವ ಕಂಗಾಲಾಗಿ ಎದುರು ಮನೆಯ ನಮ್ಮಲ್ಲಿಗೆ ಓಡಿಬಂದರು. ಎಂ.ಎ. ಮಾಡಿದವಳು ಎಂಬ ಒಂದೇ ಕಾರಣಕ್ಕೆ ನಾನು ಎಲ್ಲಕ್ಕೂ ತಜ್ಞೆ! ಓದುವವರು ಯಾವ ಪದ ಹಾಕಿ ಹುಡುಕುತ್ತಾರೋ ಆ ಪದ ನಮ್ಮ ಬರಹದಲ್ಲಿರಬೇಕು, ಅದಕ್ಕೆ ಕೀವರ್ಡು ಅನ್ನುತ್ತಾರೆ ಎಂದೆ.

“ಅಂದ್ರೆ ಜನ ಏನು ಹುಡುಕ್ತಾರೆ ಅಂತ ತಿಳ್ಕೋಬೇಕು, ಅಷ್ಟೇ ತಾನೆ?”

“ಅಷ್ಟೇ ಮಾವ.”

ಇದೇ ನಾನು ಮಾಡಿದ ತಪ್ಪು. ಮರುದಿನ ಬೆಳಿಗ್ಗೆ ಮಾವ ನೋಟ್‌ಬುಕ್ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು! ಸಿಕ್ಕಸಿಕ್ಕವರನ್ನೆಲ್ಲ ತಡೆದು, “ಸ್ವಾಮೀ, ತಾವು ಏನು ಹುಡುಕ್ತಾ ಇದ್ದೀರಿ?” ಎಂಬ ವಿಚಾರಣೆ. ಐವತ್ತು ಜನರನ್ನು ಕೇಳಿದೆ ಅನ್ನುತ್ತಾರೆ ಮಾವ. ನನ್ನ ದಿನಚರಿಯಲ್ಲಿ ಹನ್ನೊಂದು ಎಂದಿದೆ. ದಿನಚರಿಯನ್ನು ಬರೆದವಳೂ ನಾನೇ ಆದ್ದರಿಂದ ಅದನ್ನು ಎಷ್ಟು ನಂಬಬೇಕೋ ಗೊತ್ತಿಲ್ಲ.

“ಕಿಟಕಿ ಪಕ್ಕದ ಸೀಟು ಸಾರ್,” ಎಂದನಂತೆ ಒಬ್ಬ. ಆಂಧ್ರದ ಗಡಿ ಕಡೆಯ ಹೆಂಗಸೊಬ್ಬಳು, “ಮಾ ಆಯನ್ನಿ ಸಾಮೀ! ಇಪ್ಪುಡೇ ಇಕ್ಕಡೇ ಉಂಡೆ, ಎಲ್ಲೋದ್ನೋ ಗಂಡ!” ಎಂದು ತೆಲುಗು ಬೆರೆಸಿ ಹೇಳಿ, ಈಗಷ್ಟೇ ಅಲ್ಲಿದ್ದು ಕಾಣೆಯಾದ ಗಂಡನ ಹುಡುಕಾಟಕ್ಕೆ ಇವರನ್ನೂ ಹಚ್ಚಿದಳಂತೆ. ಇನ್ನು ಹುಡುಗರ ಗುಂಪೊಂದು ಒಕ್ಕೊರಲಿನಿಂದ, “ಎಸ್ಸೆಸ್ಸೆಲ್ಸಿ ರಿಸಲ್ಟ್ ಸಾರ್!”

ಮಾವ ಒಂದನ್ನೂ ಬಿಡಲಿಲ್ಲ. ಪರಿಷ್ಕೃತ ಉಪ್ಪಿನಕಾಯಿ ಆ ಸಂಜೆಯೇ ಪ್ರಕಟವಾಯಿತು: ‘ಭರಣಿಯನ್ನು ಕಿಟಕಿ ಪಕ್ಕದ ಸೀಟಿನಂಥ ಜಾಗದಲ್ಲಿಡತಕ್ಕದ್ದು. ಎಸ್ಸೆಸ್ಸೆಲ್ಸಿ ರಿಸಲ್ಟ್‌ಗೆ ಕಾಯುವಂತೆ ತಾಳ್ಮೆಯಿಂದ ಕಾಯತಕ್ಕದ್ದು. ಮುಚ್ಚಳ ತೆಗೆದರೆ ಕಾಣೆಯಾದ ಗಂಡನೂ ವಾಸನೆ ಹಿಡಿದು ಬರುವನು.’ ಮುನ್ನೆಚ್ಚರಿಕೆಯಾಗಿ ಅವೇ ಪದಗಳು ಇಂಗ್ಲಿಷ್ ಅಕ್ಷರದಲ್ಲೂ ಕೆಳಗೆ!

ನಾನು ಬಿದ್ದು ಬಿದ್ದು ನಕ್ಕೆ. ನಗಬಾರದಿತ್ತೇನೋ.

ಫಲಿತಾಂಶದ ದಿನ ಬಂತು. ಸರ್ಕಾರಿ ಪುಟ ಎಷ್ಟು ಒತ್ತಿದರೂ ತೆರೆಯುತ್ತಿರಲಿಲ್ಲವಂತೆ. ಮಾವನ ಪುಟ ಮಾತ್ರ ಬಾಗಿಲು ತೆರೆದುಕೊಂಡೇ ಕೂತಿತ್ತು! ಸಂಜೆ ನೋಡಿದರೆ ಉಪ್ಪಿನಕಾಯಿಯ ಕೆಳಗೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದು ಕಾಮೆಂಟು: ‘ಸರ್, ನನ್ನ ರಿಸಲ್ಟ್ ಹೇಳಿ ಸರ್. ಗೌನಿಪಲ್ಲಿ ಹೈಸ್ಕೂಲು. ನಾನು ಟೇಕಲ್‌ನಲ್ಲಿ ಚಿಕ್ಕಮ್ಮನ ಮನೇಲಿದ್ದೀನಿ. ಊರಿಗೆ ಫೋನ್ ಮಾಡಿ ಕೇಳೋಕೆ ಭಯ.’ ಜೊತೆಗೆ ಒಂದು ಹುಡುಗಿಯ ಹೆಸರು, ರಿಜಿಸ್ಟರ್ ನಂಬರು.

“ಬಂದ್ರು ನೋಡಿ ಅತ್ತೆ, ಹೊರಗಿನೋರು!” ಎಂದೆ ನಾನು.

“ಇವರ ಉಪ್ಪಿನಕಾಯಿ ಓದೋಕಾ ಬಂದಳು ಆ ಹುಡುಗಿ? ಇದು ಲೆಕ್ಕಕ್ಕಿಲ್ಲ,” ಎಂದರು ಅತ್ತೆ.

ಮಾವ ನಗಲಿಲ್ಲ. “ಆ ಪದ ಹಾಕಿ ಕರೆದೋನು ನಾನು ಕಣೇ. ರಿಸಲ್ಟ್ ಕೇಳ್ಕೊಂಡು ಬಾಗಿಲಿಗೆ ಬಂದ ಮಗುಗೆ ಉಪ್ಪಿನಕಾಯಿ ಕೊಟ್ಟು ಕಳಿಸೋದಾ?”

ಬೆಳಿಗ್ಗೆ ಎದ್ದು ಹೊರಟೇಬಿಟ್ಟರು. ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸಿ, ಮಾವಿನ ಬುಟ್ಟಿಗಳ ನಡುವೆ ನಿಂತುಕೊಂಡೇ ಗೌನಿಪಲ್ಲಿಗೆ. ಶಾಲೆಯ ನೋಟಿಸ್ ಬೋರ್ಡಿನ ಮುಂದೆ ಬೆರಳಿಟ್ಟು ಹುಡುಕುತ್ತಿದ್ದವರನ್ನು ಜವಾನ, “ಮೊಮ್ಮಗಳಾ ಸಾಮೀ?” ಎಂದು ಕೇಳಿದನಂತೆ.

“ಅಲ್ಲಪ್ಪ, ನಮ್ಮ ಬ್ಲಾಗಿನವಳು.”

ಬ್ಲಾಗು ಯಾವ ಹೋಬಳಿಗೆ ಬರುತ್ತದೆ ಎಂದು ಅವನು ಯೋಚಿಸುತ್ತಿರುವಾಗಲೇ ಮಾವನಿಗೆ ನಂಬರು ಸಿಕ್ಕಿತಂತೆ.

ಮಧ್ಯಾಹ್ನ ಹಿಂತಿರುಗಿದವರು ಊಟಕ್ಕೂ ಕೂರದೆ ಒಂದೊಂದೇ ಅಕ್ಷರ ಕುಟ್ಟತೊಡಗಿದರು. ನಾನೂ ಅಮ್ಮನೂ ಹಿಂದೆ ನಿಂತು ಓದುತ್ತಿದ್ದೆವು. ‘ಮಗೂ, ಐದು ವಿಷಯ ಪಾಸಾಗಿದ್ದೀಯ. ಗಣಿತ ಒಂದು ಉಳಿದಿದೆ. ಮತ್ತೆ ಬರೆಯಲು ಅರ್ಜಿ ಶಾಲೆಯಲ್ಲೇ ಕೊಡುತ್ತಾರೆ, ಕೇಳಿಕೊಂಡು ಬಂದಿದ್ದೇನೆ. ಹೆದರದೆ ಊರಿಗೆ ಹೋಗು. ನನಗೂ ಮೊದಲ ಸಲ ಗಣಿತ ಹೋಗಿತ್ತು. ಮನೆಯಲ್ಲಿ ಬೈದರೆ ಇದನ್ನು ತೋರಿಸು.’

ಅಮ್ಮ ಹುಬ್ಬು ಗಂಟಿಕ್ಕಿದಳು. “ಲೇ, ನೀನ್ಯಾವಾಗೋ ಗಣಿತದಲ್ಲಿ ಫೇಲಾಗಿದ್ದು? ತೊಂಬತ್ತಾರು ಬಂತು ಅಂತ ಅಪ್ಪ ಬೀದಿಗೆಲ್ಲಾ ಸಕ್ಕರೆ ಹಂಚಿದ್ರಲ್ಲೋ!”

ಮಾವ ತಲೆಯೆತ್ತಲಿಲ್ಲ.

“ಸುಮ್ನಿರಕ್ಕ,” ಎಂದರು ಮೆಲ್ಲಗೆ. “ಆ ಮಗು ಕಾಯ್ತಾ ಇರುತ್ತೆ.”