ಚಿಪ್‌ಗಳ ಪರವಾಗಿ ಮಾತಾಡುವ ಭಾವ

ನಮ್ಮ ಭಾವನ ಮನೆಯಲ್ಲಿ ಊಟಕ್ಕೆ ಕೂತವರು ಉಪ್ಪು ಕೇಳಬಾರದು. ಕೇಳಿದರೆ ಉಪ್ಪಿಗಿಂತ ಮೊದಲು ಅದರ ವಿವರ ಬರುತ್ತದೆ: "ಎರಡನೇ ಗೂಡು, ಹುಣಸೆಹಣ್ಣಿನ ಜಾಡಿ ಹಿಂದೆ. ಮುಚ್ಚಳ ತಿರುಗಿಸ್ಬೇಡ, ಮೇಲಕ್ಕೆ ಎಳಿ. ಚಮಚ ಒಳಗಿಲ್ಲ, ಪಕ್ಕದಲ್ಲಿದೆ." ಇಷ್ಟು ಕೇಳುವ ಹೊತ್ತಿಗೆ ಸಾರು ಆರಿರುತ್ತದೆ. "ಎದ್ದು ತಂದ್ಕೊಡ್ಬಾರ್ದಾ?" ಎಂದು ಅಕ್ಕ ಗದರುತ್ತಾಳೆ. ತಂದುಕೊಡುವುದು ಭಾವನ ಕೆಲಸವೇ? ಎಲ್ಲಿದೆ ಎಂದು ತಿಳಿಸುವುದಷ್ಟೇ ಅವರ ಕೆಲಸ.

ಹೊಟ್ಟೆಪಾಡೂ ಅದೇ. ದೊಡ್ಡಬಳ್ಳಾಪುರದಿಂದ ದಿನಾ ದೇವನಹಳ್ಳಿ ಕಡೆಯ ಕಂಪನಿಗೆ ಹೋಗಿ, ಹೊಸ ಚಿಪ್‌ನಲ್ಲಿ ಏನೇನಿದೆ ಎಂದು ಆಪರೇಟಿಂಗ್ ಸಿಸ್ಟಂನ ಒಳತಿರುಳಾದ ಕರ್ನಲ್‌ಗೆ ಬರೆದು ತಿಳಿಸುತ್ತಾರೆ. ಚಿಪ್‌ನ ಒಂದೊಂದು ಭಾಗವನ್ನು ನಡೆಸಲು ಕರ್ನಲ್ ಕೈಕೆಳಗೆ ಒಂದೊಂದು ಡ್ರೈವರ್ ಇರುತ್ತದಂತೆ. ಅದು ಮನುಷ್ಯನಲ್ಲ, ಪ್ರೋಗ್ರಾಂ.

"ಚಿಪ್ ತಾನಾಗೇ ಬಾಯಿಬಿಟ್ಟು ಹೇಳಲ್ಲ ಕಣಪ್ಪಾ. ಯಾವ ವಿಳಾಸದಲ್ಲಿ ಏನಿದೆ, ಕರೆಂಟು ಎಲ್ಲಿಂದ ಬರುತ್ತೆ, ಎಲ್ಲಾ ನಾವೇ ಬರೀಬೇಕು. ಬರೀದಿದ್ರೆ, ಕಣ್ಮುಂದೆ ಇದ್ರೂ ಕರ್ನಲ್ ಪಾಲಿಗೆ ಅದು ಇಲ್ಲ."

"ತಪ್ಪು ಬರೆದ್ರೆ?"

"ಡ್ರೈವರ್ ಹೋಗಿ ಯಾರೂ ಇಲ್ದಿರೋ ಬಾಗಿಲು ತಟ್ಟುತ್ತೆ. ಎಲ್ರೂ ಚಿಪ್ ಸತ್ತೋಗಿದೆ ಅಂತಾರೆ."

ಈ ಚಟ ಆಫೀಸಿನಲ್ಲೇ ಉಳಿದಿದ್ದರೆ ದೊಡ್ಡಬೆಳವಂಗಲದ ಚಿಕ್ಕಮ್ಮನ ಮಗನಿಗೆ ಇಷ್ಟು ಹೊತ್ತಿಗೆ ಮದುವೆಯಾಗಿರುತ್ತಿತ್ತು. ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ, "ಹುಡುಗ ಹೆಂಗೆ?" ಎಂದು ಉಪಚಾರಕ್ಕೆ ಕೇಳಿದರು. ಭಾವ ಗಂಟಲು ಸರಿಮಾಡಿಕೊಂಡರು. "ಕಾಫಿ ಆಗೋವರ್ಗೂ ಮಾತಾಡ್ಸಿದ್ರೆ ಉತ್ತರ ಬರಲ್ಲ. ತೀರ್ಮಾನ ಎಲ್ಲಾ ಇವ್ರಮ್ಮನ್ನ ಕೇಳಿ ತಗೋತಾನೆ. ಇವ್ರಮ್ಮ ಊರಲ್ಲಿಲ್ದಿದ್ರೆ ಸುಮ್ನೆ ಕೂತಿರ್ತಾನೆ." ಕೇಸರಿಬಾತು ತಟ್ಟೆಯಲ್ಲೇ ಉಳಿಯಿತು. ವಾಪಸು ಬರುವಾಗ ಹುಡುಗನಿಗೆ ಸಿಟ್ಟು ಬಂದಿದೆಯೋ ಇಲ್ಲವೋ ತಿಳಿಯಲಿಲ್ಲ. ಅವನಮ್ಮ ಇನ್ನೂ ಏನೂ ಹೇಳಿರಲಿಲ್ಲ.

ಹೋದ ವರ್ಷ ಭಾವನ ತಾಯಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಕೈಕಾಲು ಬಿದ್ದುಹೋದವು. ಆಸ್ಪತ್ರೆಯಲ್ಲಿ ಭಾವ ಪಾಳಿ ಬದಲಾದಾಗಲೆಲ್ಲ ನರ್ಸುಗಳಿಗೆ ತಾಯಿಯನ್ನು ವಿವರಿಸುತ್ತ ನಿಂತರು. "ಸಿಸ್ಟರ್, ತಣ್ಣೀರು ಸೋಕಿದ್ರೆ ಬೆಚ್ಚಿಬೀಳ್ತಾರೆ. ತಲೆದಿಂಬು ಎತ್ತರ ಇದ್ರೆ ಆಗಲ್ಲ. ಎಡಗಿವಿ ಕೇಳಲ್ಲ, ಬಲಗಿವೀಲಿ ಮಾತಾಡ್ಸಿ."

"ಸಾರ್ ಬಂದ್ರು, ಪಾಠ ಶುರು," ಎಂದು ನರ್ಸುಗಳು ನಗುತ್ತಿದ್ದರು. ಆದರೆ ಹೇಳಿದಂತೆಯೇ ಮಾಡಿದರು.

ಬಲಗಿವಿಯಲ್ಲಿ ನರ್ಸ್ ಕರೆದರು, ಡಾಕ್ಟರ್ ಕರೆದರು, ಅಕ್ಕ ಕರೆದಳು. ಆಕೆ ಕಣ್ಣು ತೆರೆಯಲಿಲ್ಲ. ಕೊನೆಗೆ ಡಾಕ್ಟರು, "ಅರಿವು ಉಳಿದ ಹಾಗೆ ಕಾಣ್ತಿಲ್ಲ. ಮನೆಗೆ ಕರ್ಕೊಂಡು ಹೋಗೋದಾದ್ರೆ ಹೋಗಿ" ಎಂದರು. ಮಣ್ಣು ಮಾಡಲು ಹೊಲದಲ್ಲಿ ಜಾಗ ನೋಡಿ ಬರಲು ಒಬ್ಬರು ಹೊರಟೂ ಬಿಟ್ಟರು. ನಮ್ಮ ನೆಂಟರು ಇಂಥ ಕೆಲಸದಲ್ಲಿ ತಡ ಮಾಡುವವರಲ್ಲ.

ಭಾವ ಮಾತ್ರ ಮಂಚದ ಕಾಲ ಬಳಿ ನಿಂತು, ತಮ್ಮ ಎಡಗೈಯನ್ನು ತಾಯಿಯ ಕಿವಿಯತ್ತ ಚಾಚಿದರು. ಇಳಿಸಿದರು. ಮತ್ತೆ ಚಾಚಿದರು.

"ಏನ್ ಭಾವ?"

"ಎದುರುಗಡೆ ನಿಂತು ನೋಡಿ, ಕೇಳ್ದಿರೋ ಕಿವಿ ಎಡ ಅಂದ್ಬಿಟ್ಟಿದೀನಿ ಕಣಪ್ಪಾ. ಅದು ನನ್ನ ಎಡ. ಅಮ್ಮನ ಎಡ ಅಲ್ಲ."

ಮನೆಯಲ್ಲಿ ಮಾತಾಡಿಸಿದಾಗ ಆಕೆಯೇ ಕೇಳುವ ಕಿವಿಯನ್ನು ನಮ್ಮತ್ತ ತಿರುಗಿಸುತ್ತಿದ್ದರು. ಯಾವ ಕಿವಿಯೆಂದು ನಾವ್ಯಾರೂ ಗಮನಿಸಿರಲಿಲ್ಲ.

ಭಾವ ಆಚೆ ಬದಿಗೆ ಹೋಗಿ, ತಾಯಿಯ ಎಡಗಿವಿಗೆ ಬಾಯಿಟ್ಟರು. "ಅಮ್ಮ, ನಾನು ಕಣಮ್ಮ."

ರೆಪ್ಪೆ ತೆರೆಯಿತು. ಕಣ್ಣು ನಿಧಾನವಾಗಿ ಅವರತ್ತ ಹೊರಳಿತು.

ಆಕೆ ಬದುಕಲಿಲ್ಲ, ಆಸ್ಪತ್ರೆಯಲ್ಲೇ ಕೆಲವು ದಿನ ಇದ್ದರು, ಅಷ್ಟೆ. ಕತ್ತು ತಿರುಗದ ಆಕೆಗೆ ಸೂರಿನ ಫ್ಯಾನ್ ಬಿಟ್ಟು ಹೆಚ್ಚೇನೂ ಕಾಣುತ್ತಿರಲಿಲ್ಲ. ಭಾವ ಸ್ಟೂಲು ಎಳೆದುಕೊಂಡು ಕೂತು, ಆ ಕಿವಿಯಲ್ಲಿ ಕೋಣೆಯನ್ನೆಲ್ಲ ಹೇಳುತ್ತಿದ್ದರು.

"ಕಿಟಕಿ ನಿನ್ನ ಬಲಕ್ಕಿದೆ, ಹೊರಗೆ ಬಿಸಿಲಿದೆ. ಬಾಗ್ಲ ಹತ್ರ ನಿನ್ನ ಸೊಸೆ ನಿಂತವ್ಳೆ. ಅಳ್ತಿಲ್ಲ ಕಣಮ್ಮ, ನಗ್ತಾವ್ಳೆ."

ಬಾಗಿಲ ಹತ್ತಿರ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.