ಪ್ರಯಾಣಿಕರ ಗಮನಕ್ಕೆ ಒಂದು ಕತೆ

ಎಲ್ಲ ಅವಾಂತರಕ್ಕೂ ಕಾರಣ ಮೈಕಿನ ಪಕ್ಕದ ಕೆಂಪು ದೀಪ. ಕಡಲೆಕಾಳಿನಷ್ಟಿದ್ದ ಆ ದೀಪ ಉರಿಯುತ್ತಿದ್ದರೆ ಮೈಕು ಚಾಲೂ, ಆರಿದರೆ ಬಂದ್. ಮಧ್ಯಾಹ್ನ ಎರಡರ ಬಸ್ಸು ಕೂಗುತ್ತಿದ್ದ ಹಾಗೇ ಅದು ಸುಟ್ಟುಹೋಯಿತು. ಗುಂಡಿ ಒತ್ತಿ ಮೈಕು ಆರಿಸಿಯಾಯಿತೆಂದೇ ಕತೆಗಾರ ತಿಳಿದ.

ಕತೆಗಾರ ಎನ್ನುವುದು ಬಸ್ ನಿಲ್ದಾಣದವರು ಗೇಲಿಗೆ ಇಟ್ಟ ಹೆಸರು. ಕಾಗದಪತ್ರದಲ್ಲಿ ಅವನು ತಾತ್ಕಾಲಿಕ ಉದ್ಘೋಷಕ. ತಾತ್ಕಾಲಿಕ ಅಂದರೆ ಎಷ್ಟು? ಹನ್ನೊಂದು ವರ್ಷ! ಸಂಬಳದ ಸುದ್ದಿ ಎತ್ತದಿರುವುದೇ ಮರ್ಯಾದೆ. ಎರಡು ಬಸ್ಸುಗಳ ನಡುವೆ ಸಿಕ್ಕ ಐದೋ ಹತ್ತೋ ನಿಮಿಷದಲ್ಲಿ ಅವನು ಕತೆ ಬರೆಯುತ್ತಿದ್ದ. ಇಲ್ಲಿಯವರೆಗೆ ಬರೆದದ್ದು ಮೂವತ್ತೇಳು, ಅಚ್ಚಾದದ್ದು ಒಂದೂ ಇಲ್ಲ.

"ಈ ಸಲದ ಸ್ಪರ್ಧೆಗಾದ್ರೂ ಹೊತ್ತಿಗೆ ಸರಿಯಾಗಿ ಕೊಡ್ರೀ," ಎಂದು ಹೆಂಡತಿ ಬೆಳಿಗ್ಗೆ ಹೇಳಿ ಕಳಿಸಿದ್ದಳು. "ಒಂದೇ ಒಂದು ಅಚ್ಚಾಗ್ಲಿ, ನಮ್ಮಕ್ಕನ ಮುಂದೆ ತಲೆ ಎತ್ಕೊಂಡು ಓಡಾಡ್ತೀನಿ."

ಸಂಜೆ ಐದರೊಳಗೆ ಕತೆ ವಾರಪತ್ರಿಕೆಯ ಕಚೇರಿ ಮುಟ್ಟಬೇಕು. ಪಾಳಿ ಮುಗಿಯುವುದು ನಾಲ್ಕಕ್ಕೆ. ಬಾಕಿ ಉಳಿದದ್ದು ಕೊನೆಯ ಪುಟ ಒಂದೇ.

ಇವನಿಗೊಂದು ಚಟ. ಬರೆದದ್ದನ್ನು ಬಸ್ಸು ಕೂಗುವ ದನಿಯಲ್ಲೇ ಜೋರಾಗಿ ಓದಿ ನೋಡದಿದ್ದರೆ ಸಮಾಧಾನವಿಲ್ಲ. ಗಾಜಿನ ಕೋಣೆಯ ಬಾಗಿಲು ಹಾಕಿಕೊಂಡು, ಹಳೆಯ ಫ್ಯಾನಿನ ಗರಗರದ ನಡುವೆ ಮೊದಲಿನಿಂದ ಓದತೊಡಗಿದ.

"ಅವಳ ಗಂಡ ದೊಡ್ಡ ಅಧಿಕಾರಿ. ಬೋಳುತಲೆ. ಮೇಜಿನ ಖಾನೆಯಲ್ಲಿ ಬಿಸ್ಕತ್ತು ಬಚ್ಚಿಟ್ಟುಕೊಂಡು ತಿನ್ನುತ್ತಿದ್ದ. ಯಾರಾದರೂ ಒಳಗೆ ಬಂದರೆ ನುಂಗಲೂ ಆಗದೆ ಉಗುಳಲೂ ಆಗದೆ ಫೈಲು ಅಡ್ಡ ಹಿಡಿಯುತ್ತಿದ್ದ..."

ಇಡೀ ನಿಲ್ದಾಣ ಕಿವಿ ನೆಟ್ಟಗೆ ಮಾಡಿಕೊಂಡಿತು. ಆ ಬೋಳುತಲೆ ಯಾರದೆಂದು ಕಸ ಗುಡಿಸುವವರಿಗೂ ಗೊತ್ತಿತ್ತು. ಹತ್ತಿದವರು ಬಸ್ಸಿನಿಂದ ಇಳಿದರು. ಸೀಟಿ ಊದಿ ಊದಿ ಸುಸ್ತಾದ ಕಂಡಕ್ಟರು ತಾನೂ ಕಂಬಕ್ಕೊರಗಿ ನಿಂತ. ಕತೆ ಸರಿಯಾಗಿ ಕೇಳಿಸುತ್ತಿಲ್ಲವೆಂದು ಡ್ರೈವರು ಇಂಜಿನ್ನೇ ಆರಿಸಿಬಿಟ್ಟ. ಎರಡೂಕಾಲರ ಬಸ್ಸನ್ನು ಕೂಗಬೇಕೆನ್ನುವುದು ಕತೆಗಾರನಿಗೂ ಮರೆತೇಹೋಗಿತ್ತು.

"...ಕೊನೆಗೊಂದು ದಿನ ಅವಳು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಳು." ಅಲ್ಲಿಗೆ ಬರೆದದ್ದು ಮುಗಿದಿತ್ತು. ಕತೆಗಾರ ಪೆನ್ನು ಕಚ್ಚುತ್ತ ಕೂತ.

ಗಾಜಿನ ಮೇಲೆ ದಬದಬ ಸದ್ದು. ಟೀ ಅಂಗಡಿಯ ಅಕ್ಕ!

"ಅಣ್ಣಾ, ಅವಳು ಹೋದ್ಲಾ ಇಲ್ವಾ? ಬೇಗ ಹೇಳು, ಒಲೆ ಮೇಲೆ ಹಾಲಿಟ್ಟು ಬಂದಿದೀನಿ!"

"ಯಾರಕ್ಕಾ?"

"ಅದೇ, ಪೆಟ್ಟಿಗೆ ಹಿಡ್ಕೊಂಡು ನಿಂತೋಳು!"

ಕತೆಗಾರ ಥಟ್ಟನೆ ಮೈಕಿನ ಕಡೆ ತಿರುಗಿದ. ಗುಂಡಿ ಒತ್ತುವಷ್ಟರಲ್ಲಿ ಗಾಜಿನಾಚೆ ಜಾತ್ರೆ ನೆರೆದಿತ್ತು.

"ಹೋಗ್ಲಿ ಬಿಡು, ಅಂಥ ಗಂಡನ್ನ ಕಟ್ಕೊಂಡು ಏನ್ಮಾಡ್ತಾಳೆ?" ಎಂದಳು ಅಕ್ಕ.

"ಛೇ ಛೇ, ಸಂಸಾರ ಮುರೀಬಾರದಮ್ಮಾ," ಎಂದು ಅಜ್ಜನೊಬ್ಬ ಅಡ್ಡ ಬಾಯಿ ಹಾಕಿದ.

"ಹೋಗೋದಾದ್ರೆ ನಮ್ ಬಸ್ಸಲ್ಲೇ ಹೋಗ್ಲಿ, ಸೀಟು ಖಾಲಿ ಇದೆ," ಎಂದ ಕಂಡಕ್ಟರು.

ಅಷ್ಟರಲ್ಲಿ ಗುಂಪು ಸರಕ್ಕನೆ ಇಬ್ಭಾಗವಾಯಿತು. ನಡುವೆ ನಿಲ್ದಾಣದ ಸಾಹೇಬರು. ಬೋಳುತಲೆ ಕಾದ ಹೆಂಚಿನಂತೆ ಕೆಂಪಾಗಿತ್ತು.

"ಬಾರಯ್ಯಾ ನನ್ನ ರೂಮಿಗೆ."

ಅಯ್ಯೋ, ಕೆಲಸ ಹೋಯಿತು! ಹೆಂಡತಿಗೆ ಏನೆಂದು ಹೇಳಲಿ? ಕತೆಗಾರ ಅವರ ಹಿಂದೆ ನಡೆದ.

ಸಾಹೇಬರು ಬಾಗಿಲು ಹಾಕಿದರು. "ಆ ಬೋಳುತಲೆಯೋನು ಯಾರು?"

"ಬರೀ ಕಲ್ಪನೆ ಸಾರ್."

"ಬಿಸ್ಕತ್ತೂ ಕಲ್ಪನೇನಾ?"

ಸಾಹೇಬರು ಖಾನೆ ಎಳೆದರು. ಬಿಸ್ಕತ್ತಿನ ಪೊಟ್ಟಣ ಪಕ್ಕಕ್ಕೆ ಸರಿಸಿ, ದಾರ ಕಟ್ಟಿದ ದಪ್ಪನೆಯ ಕಾಗದದ ಕಟ್ಟೊಂದನ್ನು ಎತ್ತಿ ಮೇಜಿನ ಮೇಲಿಟ್ಟರು. ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು.

"ಕಾದಂಬರಿ ಕಣಯ್ಯಾ. ಇಪ್ಪತ್ತು ವರ್ಷದಿಂದ ಬರೀತಿದೀನಿ. ಮನೇಲಿ ಓದೋಕೆ ಶುರು ಮಾಡಿದ್ರೆ ಹೆಂಡತಿಗೆ ತಲೆನೋವು ಬರುತ್ತೆ, ಮಕ್ಕಳು ಎದ್ದು ಹೋಗ್ತಾರೆ. ಇವತ್ತು ನೋಡಿದ್ರೆ ಇನ್ನೂರು ಜನ ಬಸ್ಸು ಬಿಟ್ಟು ಕೇಳ್ತಾ ನಿಂತಿದ್ರು! ಎಲ್ಲಾ ನಿನ್ನ ಕಂಠದ ಮಹಿಮೆ. ನಿನ್ನ ಕತೇಲಿ ಏನಿತ್ತು, ಮಣ್ಣು! ಹೋಗಿ ಇದನ್ನ ಓದು. ಈಗಲೇ."

"ಸಾರ್, ಐದರೊಳಗೆ ನಾನು..."

"ಕೆಲಸ ಬೇಕೋ ಬೇಡ್ವೋ?"

ಬೇಕಿತ್ತು. ಓದಿದ.

ಮೈಕು ಗರ್ ಎಂದಾಗ ಜನ ಸಿಳ್ಳೆ ಹೊಡೆದರು. ಸಾಹೇಬರ ಕಾದಂಬರಿ ಸೂರ್ಯೋದಯದಿಂದ ಶುರುವಾಗುತ್ತಿತ್ತು. ಎರಡನೇ ಪುಟಕ್ಕೆ ಟೀ ಅಕ್ಕ ತನ್ನ ಹಾಲು ನೆನಪಾಗಿ ಓಡಿದಳು. ಮೂರನೇ ಪುಟಕ್ಕೆ ಅಜ್ಜ, ಎಲ್ಲಿಗೆ ಹೋಗುವುದೆಂದೂ ಕೇಳದೆ ಎದುರಿಗಿದ್ದ ಬಸ್ಸು ಹತ್ತಿದ. "ಹೊರಡ್ರೀ, ಹೊರಡ್ರೀ" ಎಂದು ಪ್ರಯಾಣಿಕರೇ ಡ್ರೈವರುಗಳನ್ನು ದಬ್ಬಿ ಕೂರಿಸಿದರು. ಗೋಡೆಯ ಗಡಿಯಾರ ಐದು ಬಡಿಯಿತು. ಕಾದಂಬರಿಯಲ್ಲಿ ಸೂರ್ಯ ಇನ್ನೂ ಮೇಲೆ ಬಂದಿರಲಿಲ್ಲ. ಕತೆಗಾರನಿಗೆ ಅಳು ಬಂತು, ಅಳುತ್ತಲೇ ಓದಿದ.

ಆರಕ್ಕೆ ಸಾಹೇಬರು ಕುಣಿಯುತ್ತ ಬಂದರು. "ಕೇಂದ್ರ ಕಚೇರಿಯಿಂದ ಫೋನು ಕಣಯ್ಯಾ! ಮೂರರಿಂದ ಈಚೆಗೆ ಒಂದು ಬಸ್ಸೂ ತಡವಾಗಿಲ್ಲವಂತೆ. ನಾಲ್ಕಂತೂ ಹೊತ್ತಿಗೆ ಮುಂಚೇನೇ ಹೊರಟಿವೆ. ಹೀಗೇ ನಡೆಸ್ಕೊಂಡು ಹೋಗಿ ಅಂದ್ರು. ನಾಳೆಯಿಂದ ಎರಡೂ ಪಾಳಿ ನೀನೇ ಓದ್ಬೇಕು. ಒಂಬೈನೂರು ಪುಟ ಇದೆ."

"ಮತ್ತೆ ನನ್ನ ಕತೆ ಸಾರ್?"

"ಅದಕ್ಕೆಲ್ಲಿದೆಯಯ್ಯಾ ಟೈಮು?" ಸಾಹೇಬರು ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. "ನೀನು ಅಳ್ತಾ ಅಳ್ತಾ ಓದಿದ್ದು ಕೇಳಿ ನನಗೇ ಹುಮ್ಮಸ್ಸು ಬಂದುಬಿಡ್ತು. ಎರಡನೇ ಭಾಗ ಈಗ ತಾನೇ ಶುರು ಮಾಡಿದೆ."